ಒಂದು ಮೊರ ತೌಡಿಗೆ ಹೋದ ಎಮ್ಮೆ

ಆ ದಿನಗಳಲ್ಲಿ ನಮ್ಮ ಪಿರಿಯಾಪಟ್ಟಣದ ಕಡೆ ಭಾದ್ರಪದ ಬಂತೆಂದರೆ ಗಾಳಿಗೇ ಒಂದು ವಾಸನೆ ಅಂಟಿಕೊಳ್ಳುತ್ತಿತ್ತು. ಬ್ಯಾರನ್ನಿನಲ್ಲಿ, ಅಂದರೆ ಬೆಂಕಿಯ ಕಾವು ಕೊಟ್ಟು ಸೊಪ್ಪು ಒಣಗಿಸುವ ಮನೆಯಲ್ಲಿ, ಹೊಗೆಸೊಪ್ಪು ಹದವಾಗುವ ವಾಸನೆ. ದೂರದಿಂದ ಮೂಸಿದರೆ ಹಳೇ ಬೆಲ್ಲ ಕಾಯಿಸಿದ ಹಾಗೆ ಹಿತವಾಗಿರುತ್ತಿತ್ತು. ಹತ್ತಿರ ಹೋದರೆ ತಲೆ ಗಿರ್ರೆನ್ನುತ್ತಿತ್ತು. ನಮ್ಮ ಸೀಮೆಯ ನನ್ನ ಓರಗೆಯವರು ಇದನ್ನು ಓದುತ್ತಿದ್ದರೆ ಈಗಾಗಲೇ ಮೂಗು ಅರಳಿಸಿರುತ್ತೀರಿ, ನನಗೆ ಗೊತ್ತು.

ನಮ್ಮವ್ವ ಆ ಬ್ಯಾರನ್ನಿಗೆ ಕೂಲಿಗೆ ಹೋಗುತ್ತಿದ್ದಳು. ಹೊಲದಿಂದ ಹಸಿ ಸೊಪ್ಪು ಗಾಡಿಯಲ್ಲಿ ಬಂದು ಬೀಳುತ್ತಿತ್ತು. ಹೆಂಗಸರು ಸಾಲಾಗಿ ಕುಳಿತು ಅದನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಬೇಕು. ಹಸಿ ಸೊಪ್ಪಿನ ಅಂಟು ಕೈಗೆ ಹತ್ತಿತೆಂದರೆ ಟಾರು ಬಳಿದ ಹಾಗೆ ಕಪ್ಪು. ಬೂದಿ ಹಾಕಿ ಉಜ್ಜಿದರೂ ಹೋಗದು, ನಿಂಬೆ ಹಿಂಡಿದರೂ ಹೋಗದು. ಆ ಕೈಯಲ್ಲೇ ಅವಳು ರಾತ್ರಿ ಮುದ್ದೆ ಕಟ್ಟುತ್ತಿದ್ದಳು. ಮುದ್ದೆ ಕಹಿ! ನಾನು ಮೇಲಿನ ಪದರ ಬಿಟ್ಟು ಒಳಗಿಂದ ಮುರಿದುಕೊಂಡು ಹುರುಳಿ ಸಾರಿನಲ್ಲಿ ಅದ್ದಿ ನುಂಗುತ್ತಿದ್ದೆ. ಅವ್ವ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ಮಳೆ ಹನಿಯುವ ದಿನ ಒದ್ದೆ ಸೊಪ್ಪು ಕಟ್ಟಿ ಬಂದರೆ ಅವಳಿಗೆ ವಾಂತಿ, ತಲೆಸುತ್ತು. ಜಗಲಿಯ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ನಾನು ಅಚ್ಚಿಕಲ್ಲು ಆಡುವುದನ್ನು ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಿದ್ದೆ.

ಒಂದು ಸಲ ಹಾಗೆ ಕೂತಿದ್ದಾಗಲೇ ಅಂದಳು: "ನಮ್ಮ ತೌಡಿ ಈಯಲಿ ಕಣ್ಮಗ. ಹಾಲು ಮಾರ್ಕಂಡು ಮನೇಲಿರ್ತೀನಿ. ಈ ಬ್ಯಾರನ್ ಬುಟ್ಬುಡ್ತೀನಿ."

ತೌಡಿ ನಮ್ಮ ಎಮ್ಮೆ. ನಾನು ಆಗ ಹನ್ನೊಂದು ವರ್ಷದವಳು. ಆ ಮಾತು ಕೇಳಿದ ಮೇಲೆ ನನಗೆ ಬೇರೆ ದೇವರೇ ಬೇಕಿರಲಿಲ್ಲ. ಎಮ್ಮೆ ಈಯಬೇಕು, ಅವ್ವ ಬ್ಯಾರನ್ ಬಿಡಬೇಕು. ಅಷ್ಟೆ.

ಇಷ್ಟು ಸರಳವಾದ ವಿಷಯ ಹೇಗೆ ಕೆಟ್ಟಿತು ಅಂತ ಹೇಳಬೇಕಾದರೆ ನಮ್ಮಪ್ಪನ ಬಾಯಿಯ ವಿಷಯ ಹೇಳಬೇಕು.

ನಮ್ಮಪ್ಪ ನಂಜಪ್ಪ ದುಡಿಮೆಗಾರ. ಅವನನ್ನು ಸೋಮಾರಿ ಅಂದವರ ನಾಲಿಗೆ ಬಿದ್ದುಹೋಗಲಿ. ಕುಡಿತವಿಲ್ಲ, ಇಸ್ಪೀಟಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಹಣೆಗೆ ಮೂರು ಬೆರಳು ಈಬೂತಿ ಎಳೆದು ಹೊಲಕ್ಕೆ ಹೋದರೆ ಹೊತ್ತು ಮುಳುಗುವ ತನಕ ನಡು ಎತ್ತುತ್ತಿರಲಿಲ್ಲ. ಅವನಿಗಿದ್ದದ್ದು ಒಂದೇ ಚಟ, ಅದು ನಾಲಿಗೆಯದು. ಈಬೂತಿ ಹಚ್ಚುವಾಗ, ಎತ್ತಿಗೆ ನೀರು ತೋರಿಸುವಾಗ, ಊಟಕ್ಕೆ ಕೂತಾಗ, ಯಾರೂ ಕೇಳದಿದ್ದರೂ ಒಂದು ಮಾತು ಬರುತ್ತಿತ್ತು: "ನಮ್ ಕೈಲಿ ನಿಲ್ಲಾಕಿಲ್ಲ ಬುಡು. ನಮ್ ಹೆಸರಿಗೆ ಆಗಿಬರಾಕಿಲ್ಲ."

ಏನು ನಿಲ್ಲುವುದಿಲ್ಲ? ದುಡ್ಡು ನಿಲ್ಲುವುದಿಲ್ಲ, ದನ ನಿಲ್ಲುವುದಿಲ್ಲ, ಕಾಳು ನಿಲ್ಲುವುದಿಲ್ಲ. ಸಂತೆಗೆ ಹುರುಳಿ ಹೊತ್ತುಕೊಂಡು ಹೋದರೆ ಕೊಳ್ಳುವವನು ಬಾಯಿ ಬಿಡುವ ಮೊದಲೇ ಇವನು, "ನೀವೆಷ್ಟು ಕೊಟ್ರೂ ನಮ್ತಾವ ಉಳಿಯಾಕಿಲ್ಲ ಕಣ್ರೀ, ನೋಡಿ ಕೊಡಿ" ಅನ್ನುತ್ತಿದ್ದ. ಎದುರಿಗಿದ್ದವನು ನೋಡಿಯೇ ಕೊಡುತ್ತಿದ್ದ, ಅಪ್ಪನ ಮುಖ ನೋಡಿ! ಮೂಟೆಗೆ ಮೂರು ರೂಪಾಯಿ ಕಮ್ಮಿ. ಕೈಗೆ ಬಂದ ದುಡ್ಡಾದರೂ ಮನೆ ಮುಟ್ಟುತ್ತಿತ್ತೇ? ಅದೂ ಇಲ್ಲ. ಹೇಗೂ ಹೋಗುವ ದುಡ್ಡು, ನಾವೇ ಮರ್ಯಾದೆಯಾಗಿ ಕಳಿಸಿಬಿಡೋಣ ಅಂತ ಸಂತೆಯಲ್ಲೇ ಮುಗಿಸಿ ಬರುತ್ತಿದ್ದ. ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಮೂರು ಛತ್ರಿ ತಂದ. ಮೂರು! ಇದ್ದದ್ದು ಮಾಘ ಮಾಸ, ಆಕಾಶದಲ್ಲಿ ಒಂದು ಮೋಡವಿಲ್ಲ. ಅವ್ವ ಛತ್ರಿಗಳನ್ನು ನೋಡಿದಳು, ಅಪ್ಪನನ್ನು ನೋಡಿದಳು, ಒಳಗೆ ಹೋದಳು. ಮುಂದಿನ ವಾರ ಉಪ್ಪಿಗೆ ಕಾಸಿಲ್ಲದಾಗ ಅಪ್ಪ, "ನಾನೇಳಿರ್ನಿಲ್ವಾ ನಿಲ್ಲಾಕಿಲ್ಲ ಅಂತ?" ಅಂದ. ತಾನೇ ಖರ್ಚು ಮಾಡಿ ತಾನೇ ಸಾಕ್ಷಿ ಹೇಳುವ ಮನುಷ್ಯನ ಜೊತೆ ಏನಂತ ವಾದ ಮಾಡುತ್ತೀರಿ?

ಇದೇ ಅಪ್ಪನ ಒಡಹುಟ್ಟಿದ ಅಕ್ಕ ಗೌರತ್ತೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿ ಒಂದೇ ತಟ್ಟೆಯಲ್ಲಿ ಉಂಡವರು. ಅವಳನ್ನು ಕೃಷ್ಣರಾಜನಗರದ ಕಡೆ ಕೊಟ್ಟಿತ್ತು. ಅಪ್ಪ ಆಗಲೂ ಆ ಊರನ್ನು ಎಡತೊರೆ ಅಂತಲೇ ಅನ್ನುತ್ತಿದ್ದ. ಅತ್ತೆಯದು ನಾಲೆ ಬಯಲಿನ ಹಳ್ಳಿ, ಭತ್ತ, ಕಬ್ಬು. ಗುಂಡಗೆ, ಎತ್ತರಕ್ಕೆ, ಬಾಯಿತುಂಬ ಎಲೆಅಡಿಕೆ ಹಾಕಿಕೊಂಡು ಬಂದಳೆಂದರೆ ಬೀದಿಗೆ ಗೊತ್ತಾಗುತ್ತಿತ್ತು. ಅವಳ ಬಾಯಲ್ಲೂ ಒಂದೇ ಮಾತು. ಆದರೆ ಅದು ಅಪ್ಪನದಕ್ಕೆ ತಿರುವುಮುರುವು: "ನನ್ ಕೈ ತುಂಬುಗೈ ಕಣೇ. ಮುಟ್ಟುದ್ದು ಎರಡಾಯ್ತದೆ."

ಒಮ್ಮೆ ಅವಳ ಬುಟ್ಟಿಯಿಂದ ತೆಂಗಿನಕಾಯಿ ಜಾರಿ ನಾಲೆಗೆ ಬಿದ್ದು ತೇಲಿಕೊಂಡು ಹೋಯಿತಂತೆ. ನಾವಾದರೆ ಬೈದುಕೊಳ್ಳುತ್ತೇವೆ. ಅವಳು ಏನಂದಳಂತೆ ಗೊತ್ತೆ? "ಗಂಗಮ್ಮಂಗೆ ಕೈಗಡ ಕೊಟ್ಟಿವ್ನಿ, ಅವಳು ಇಟ್ಕೊಳ್ಳೋಳಲ್ಲ ಬುಡು." ಆ ವರ್ಷ ಗದ್ದೆ ಚೆನ್ನಾಗಿ ಬಂತು. ಗಂಗಮ್ಮ ಕಾಯಿಯ ಬಾಬ್ತು ತೀರಿಸಿದಳು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ಗದ್ದೆ ಚೆನ್ನಾಗಿ ಬಂದದ್ದು ನಾಲೆ ನೀರಿನಿಂದ. ಅದು ಹನ್ನೊಂದು ವರ್ಷದ ನನಗೇ ಗೊತ್ತಿತ್ತು. ಆದರೆ ಅದೇ ನಾಲೆಯ ಪಕ್ಕದಲ್ಲಿ ಗದ್ದೆ ಇಟ್ಟುಕೊಂಡೂ ಮುಖ ಜೋಲು ಬಿಟ್ಟು ಕೂತವರು ಅವಳ ಊರಿನಲ್ಲೇ ಬೇಕಾದಷ್ಟು ಜನ ಇದ್ದರು ಅನ್ನುವುದೂ ಸುಳ್ಳಲ್ಲ. ಅತ್ತೆ ಬೆಲೆ ಹೇಳುವಾಗ ಎದುರಿನವನ ಕಣ್ಣು ನೋಡಿ ಹೇಳುತ್ತಿದ್ದಳು. ತುಂಬುಗೈಯವಳು ಕಮ್ಮಿಗೆ ಯಾಕೆ ಕೊಡಬೇಕು? ನನ್ನ ವ್ಯಾಪಾರದ ಮೊದಲ ಪಾಠ ಕಲಿತದ್ದು ಅವಳಿಂದಲೇ, ಅದನ್ನು ಇಲ್ಲ ಅನ್ನುವುದಿಲ್ಲ.

ಈಗ ತೌಡಿಯ ಕಥೆ. ನನಗೆ ಆರೇಳು ವರ್ಷವಿದ್ದಾಗ ನಮ್ಮ ಹಳೆಯ ಎಮ್ಮೆಗೆ ಹುಟ್ಟಿದ ಎರಡು ಕರು ಒಂದರ ಹಿಂದೆ ಒಂದು ಸತ್ತವು. ಎಮ್ಮೆ ಕರುಗಳು ಹೊಟ್ಟೆಯಲ್ಲಿ ಜಂತುಹುಳ ಬಿದ್ದು ಸಾಯುವುದು ಮಾಮೂಲು. ಈಗ ದನದ ಡಾಕ್ಟರು ಔಷಧಿ ಕೊಡುತ್ತಾರೆ. ಎರಡನೆಯದು ಹೋದಾಗ ಅವ್ವ ಮೂರು ದಿನ ಊಟ ಬಿಟ್ಟಳು. ಆಮೇಲೆ ಮೂರನೆಯದು ಹುಟ್ಟಿತು, ಹೆಣ್ಣುಗರು. ಅಪ್ಪ ಅದನ್ನು ಮುಟ್ಟಲೂ ಇಲ್ಲ. "ನನ್ ಹೆಸರಲ್ಲಿದ್ರೆ ಇದೂ ಓಯ್ತದೆ" ಅಂದವನೇ ಎಡತೊರೆ ಕಡೆಗೆ ಹೊರಟು ಅಕ್ಕನನ್ನು ಕರೆದುಕೊಂಡು ಬಂದ.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ನೆಂಟರಿಗೋ ನೆರೆಯವರಿಗೋ ಒಂದು ಮೊರ ತೌಡಿಗೆ ಮಾರುತ್ತಿದ್ದರು. ಶಾಸ್ತ್ರಕ್ಕೆ ಮಾತ್ರ. ಕೂಸು ಬೇರೆಯವರದಾಯಿತಲ್ಲ, ಬಂದ ಕೆಡುಕು ಮನೆ ತಪ್ಪಿ ಹೋಗಲಿ ಅಂತ. ಆ ಮಗುವಿಗೆ ತೌಡಪ್ಪ, ತೌಡಮ್ಮ ಅಂತಲೇ ಹೆಸರು. ದೊಡ್ಡದಾದ ಮೇಲೆ ಒಂದು ಸೀರೆಯೋ ಪಂಚೆಯೋ ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ಇದು ಮಕ್ಕಳಿಗೆ. ಎಮ್ಮೆ ಕರುವಿಗೆ ಇದನ್ನು ಮಾಡಿದವನು ಏಳೂರಿನಲ್ಲಿ ನಮ್ಮಪ್ಪ ಒಬ್ಬನೇ ಇರಬೇಕು. ಗೌರತ್ತೆ ಕೊಟ್ಟಿಗೆಯ ಹೊರಗೆ ನಿಂತು ಒಂದು ಮೊರ ತೌಡನ್ನು ಅಪ್ಪನ ಟವೆಲ್ಲಿಗೆ ಸುರಿದಳು. ಕರುವಿನ ಹಗ್ಗವನ್ನು ಹೊಸಿಲು ದಾಟಿಸಿ ಎಳೆದುಕೊಂಡು, "ಇದು ನನ್ ತೌಡಿ. ನಿನ್ ಮನೇಲಿ ಮೇಯಕ್ಕೆ ಬುಟ್ಟಿವ್ನಿ" ಅಂದಳು. ಅಪ್ಪ ಕೈಮುಗಿದ. ತೌಡನ್ನು ಆ ಹೊತ್ತೇ ಹಳೇ ಎಮ್ಮೆಗೆ ಕಲಸಿ ಇಟ್ಟರು.

ಕರು ಉಳಿಯಿತು. ಯಾಕೆ ಉಳಿಯಿತು ನಾನು ಹೇಳುತ್ತೇನೆ. ಎರಡು ಕರು ಕಳೆದುಕೊಂಡ ಅವ್ವ ಈ ಸಲ ಸುಮ್ಮನೆ ಕೂರಲಿಲ್ಲ. ಬೇವಿನ ಸೊಪ್ಪು ಅರೆದು ರಸ ಹಿಂಡಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ನನ್ನ ಕೈಯಲ್ಲಿ ಕರುವಿನ ಬಾಯಿ ಅಗಲಿಸಿ ಹಿಡಿಸಿ, ಎಂಟು ದಿನಕ್ಕೊಮ್ಮೆ ಗಂಟಲಿಗೆ ಬಿಟ್ಟಳು. ಗೊಟ್ಟ ಹಿಡಿಯುವಾಗ ಕರು ಕೊಸರಾಡಿ ನನ್ನ ಮೈಯೆಲ್ಲ ಬೇವಿನ ರಸ. ತಿಂಗಳುಗಟ್ಟಲೆ ಮಾಡಿದೆವು. ಬೇವು ಅರೆದವಳು ಅವ್ವ, ಹೆಸರು ಬಂದದ್ದು ಗೌರತ್ತೆಗೆ. ಅಪ್ಪ ಕಂಡಕಂಡವರಿಗೆಲ್ಲ, "ನಮ್ಮಕ್ಕನ ಕೈಗುಣ" ಅಂದ. ಅವ್ವನೂ ತಿದ್ದಲಿಲ್ಲ.

ನಾಲ್ಕು ವರ್ಷ ತೌಡಿಯನ್ನು ಮೇಯಿಸಿದ್ದು ನಾನು. ಕೆರೆಯಲ್ಲಿ ಇಳಿಸಿ ತೆಂಗಿನ ನಾರಿನಲ್ಲಿ ಬೆನ್ನು ಉಜ್ಜುತ್ತಿದ್ದೆ, ಕಿವಿಯ ಹಿಂದಿನ ಉಣ್ಣೆ ಕೀಳುತ್ತಿದ್ದೆ. ಓರಗೆಯ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರೆ ನಾನು ಹಗ್ಗ ಕಾಲಬೆರಳಿಗೆ ಸುತ್ತಿಕೊಂಡೇ ಆಡುತ್ತಿದ್ದೆ. ತೌಡಿ ಮುಂದಕ್ಕೆ ಹೆಜ್ಜೆ ಇಟ್ಟಳೋ ನಾನು ಔಟು. ಹಳೇ ಎಮ್ಮೆ ಆಗಲೇ ಗೊಡ್ಡಾಗಿತ್ತು, ತೌಡಿಗೆ ಆ ವರ್ಷ ತುಂಬುಗಬ್ಬ. ಕೆಚ್ಚಲು ಇಳಿಯುತ್ತಿತ್ತು. ಇನ್ನು ತಿಂಗಳೊಪ್ಪತ್ತು ಅಂತ ಅವ್ವ ಹೇಳಿದ್ದಳು.

ಅಷ್ಟರಲ್ಲಿ ಗೌರಿ ಹಬ್ಬ. ತವರಿನ ಬಾಗಿನಕ್ಕೆ ಗೌರತ್ತೆ ಬಂದಳು. ಹುಣಸೂರಿನಲ್ಲಿ ಬಸ್ಸು ಬದಲಾಯಿಸಿ, ಟಾರು ರಸ್ತೆಯಲ್ಲಿ ಇಳಿದು, ಒಂದು ಗಂಟು ಅಕ್ಕಿ, ನನಗೊಂದು ಡಜನ್ ಹಸಿರು ಬಳೆ ತಂದಿದ್ದಳು. ಅವ್ವ ಹಬ್ಬಕ್ಕೆಂದು ಒಂದು ದಿನ ಬ್ಯಾರನ್ ತಪ್ಪಿಸಿದ್ದಳು. ಕೈಯ ಕಪ್ಪು ಹೋಗದೆ ಒಬ್ಬಟ್ಟನ್ನು ಬಾಳೆಲೆಯ ಮೇಲೆ, ಎಲೆ ಮರೆಯಿಟ್ಟು ತಟ್ಟುತ್ತಿದ್ದಳು. ಅತ್ತೆ ಒಬ್ಬಟ್ಟಿಗೆ ತುಪ್ಪ ಸುರಿದುಕೊಂಡು ನಾಲ್ಕು ತಿಂದು ಕೈ ತೊಳೆದು ನೇರ ಕೊಟ್ಟಿಗೆಗೆ ಹೋದಳು.

"ಅಯ್ಯೋ ನನ್ ತೌಡಿ! ಎಂಗಾಗವಳೆ ನೋಡೋ ನಂಜ!"

"ನಿನ್ ಕೈಗುಣ ಕಣಕ್ಕ" ಅಂದ ಅಪ್ಪ. ಹಲ್ಲುಬಿಟ್ಟು ಹೇಳಿದ. ನಾನು ಅಲ್ಲೇ ಹುಲ್ಲು ಹಾಕುತ್ತಿದ್ದೆ. ಮೈ ಉರಿಯಿತು.

ಅತ್ತೆ ಎಮ್ಮೆಯ ಬೆನ್ನು ಸವರಿ, "ನಾಳಿದ್ದು ನಮ್ಮೂರಿಗೆ ಒಡ್ಕಂಡೋಗಾನ ಕಣೋ. ಈಯೋ ಒತ್ಗೆ ಅಸಿ ಮೇವು ಬೇಕು. ನಿಮ್ತಾವ ಏನದೆ, ಬರೀ ಒಣಹುಲ್ಲು" ಅಂದಳು.

ಅಪ್ಪ ಏನಾದರೂ ಅನ್ನುತ್ತಾನೆ ಅಂತ ನೋಡಿದೆ. ಅವನು ತಲೆ ಅಲ್ಲಾಡಿಸುತ್ತಿದ್ದ, ಒಪ್ಪಿಗೆ ಅಂತ!

"ನಿನ್ ತೌಡಿ ಎಂಗಾಯ್ತದೆ ಅತ್ತೆ? ಮೇಯ್ಸಿದ್ದು ನಾನು" ಅಂದೆ.

"ಮೇಯ್ಸಿದ್ದು ನೀನು, ಉಳಿಸಿದ್ದು ನಾನು. ಕೊಂಡೋಳು ನಾನಲ್ವೇನೇ ಶಿವಿ?"

"ಒಂದ್ ಮೊರ ತೌಡಿಗೆ ಕೊಂಡಿದ್ದು. ತಕೊ, ಎರಡ್ ಮೊರ ಕೊಡ್ತೀನಿ."

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಲಾ ಇವಳ! ತುಂಬುಗಬ್ಬದ ಎಮ್ಮೆ ಎರಡ್ ಮೊರ ತೌಡಿಗಾ? ನಾಳೆ ನಿನ್ ಗಂಡನ್ನೂ ತೌಡಿಗೇ ತಂದ್ಬುಡು."

"ತೌಡಿಗೆ ಮಾರಿದ್ ಮಕ್ಕಳ್ನ ಬುಡಿಸ್ಕಳಾಕಿಲ್ವ? ಕೆರೆಬೀದಿ ತೌಡಪ್ಪನ್ನ ಒಂದ್ ಪಂಚೆ ಕೊಟ್ಟು ಬುಡಿಸ್ಕಂಡ್ರು."

"ತೌಡಪ್ಪ ಆಲು ಕರೀತಾನೇನೇ?"

ಅಪ್ಪನೂ ನಕ್ಕ. ಅವ್ವ ಮಜ್ಜಿಗೆ ಚೊಂಬು ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು, ಅವಳು ನಗಲಿಲ್ಲ. ನನಗೆ ಅಳು ಬಂತು, ನುಂಗಿಕೊಂಡೆ. ಹಾಗೆ ನುಂಗಿಕೊಂಡು ನಿಂತಾಗಲೇ ತಲೆಗೆ ಹೊಳೆದದ್ದು. ಅತ್ತೆಗೆ ಹಾಲಿನ ಬರವಿಲ್ಲ, ಅವಳ ಮನೆಯಲ್ಲಿ ಮೂರು ಎಮ್ಮೆ ಕರೆಯುತ್ತಿವೆ. ಅವಳಿಗೆ ಬೇಕಾದ್ದು ಕೈಗುಣದ ಹೆಸರು. ಇಂದಿಗೂ ನನ್ನ ಅಂಗಡಿಗೆ ಬರುವ ಹುಡುಗರಿಗೆ ಇದನ್ನೇ ಹೇಳುತ್ತೇನೆ: ಎದುರಿನವನು ಕೇಳುತ್ತಿರುವುದು ಒಂದು, ಅವನಿಗೆ ಬೇಕಾಗಿರುವುದು ಇನ್ನೊಂದು. ಬೇಕಾದ್ದನ್ನು ಕೊಟ್ಟುಬಿಡಿ, ಕೇಳಿದ್ದು ನಿಮ್ಮ ಹತ್ತಿರವೇ ಉಳಿಯುತ್ತದೆ.

"ಅತ್ತೆ, ಎಮ್ಮೆ ನಿಂದೇ ಅಂತ ಇರ್ಲಿ. ಊರಿಗೆಲ್ಲ ನಾನೇ ಏಳ್ತೀನಿ, ಗೌರತ್ತೆ ಎಮ್ಮೆ ಅಂತ. ಇಲ್ಲೇ ಈಯ್ಲಿ. ಆಲು ನಮ್ಗೆ. ಮೊದಲ್ನೇ ಎಣ್ಗರು ಆಲು ಬುಟ್ಮೇಲೆ ನಿಂಗೆ."

ಅತ್ತೆಯ ನಗು ನಿಂತಿತು. ಸೊಂಟದ ಮೇಲೆ ಕೈ ಇಟ್ಟಳು. "ಮೊದಲ್ನೇದು, ಎರಡ್ನೇದು, ಎರಡೂ."

"ಒಂದೇ."

"ಒಂದು. ಮತ್ತೆ ವರ್ಸಕ್ಕೆ ಎರಡ್ ಸೇರು ತುಪ್ಪ."

"ಒಂದ್ ಸೇರು. ಗೌರಿ ಅಬ್ಬಕ್ಕೆ ಬಂದಾಗ. ಬಂದ್ರೆ ಮಾತ್ರ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎಲೆಅಡಿಕೆಯ ಬಾಯಿ ಅಗಲವಾಯಿತು. "ಲೋ ನಂಜ, ಇವಳು ನಿನ್ ಮಗಳಲ್ಲ ಕಣೋ. ನನ್ ಮಗಳು." ಅಂದು ಬಲಗೈ ಚಾಚಿದಳು. ನಾನು ಕೈ ಎತ್ತಿದೆ, ಹೊಡೆದು ವ್ಯಾಪಾರ ಮುಗಿಸಲಿಕ್ಕೆ.

"ಬ್ಯಾಡ" ಅಂದ ಅಪ್ಪ.

ಇಬ್ಬರೂ ತಿರುಗಿದೆವು.

"ಬ್ಯಾಡ ಕಣಕ್ಕ. ಅವಳು ಮಗ, ತಿಳೀದೆ ಆಡ್ತಾವಳೆ. ನನ್ ಕೊಟ್ಗೇಲಿ ಈದ್ರೆ ಕರೂನೂ ಉಳಿಯಾಕಿಲ್ಲ, ಎಮ್ಮೇನೂ ಉಳಿಯಾಕಿಲ್ಲ. ನೀನೇ ಒಡ್ಕಂಡೋಗು."

"ಲೋ, ಮಗ ಗೆದ್ದದೆ ಕಣೋ. ನಾನೇ ಒಪ್ದೆನಲ್ಲೋ!"

"ಒಪ್ಬ್ಯಾಡ ನೀನು."

ಕೇಳಿದಿರಾ? ಎದುರಾಳಿ ಸೋತೆ ಅಂತ ಕೈ ಚಾಚಿ ನಿಂತಿದ್ದಾಳೆ, ನಮ್ಮವನೇ ಸೋಲಬೇಡ ಅಂತ ಅವಳಿಗೆ ಹೇಳುತ್ತಿದ್ದಾನೆ! ನಾನು ಕೂಗಾಡಿದೆ. ಹುಲ್ಲಿನ ಕಂತೆ ಎಸೆದೆ. ಬಳೆ ಎರಡು ಒಡೆದವು. ಅಪ್ಪ ಜಗ್ಗಲಿಲ್ಲ. ದುಡ್ಡಿನ ವಿಷಯದಲ್ಲಿ ಒಂದು ದಿನವೂ ಗಟ್ಟಿಯಾಗಿ ನಿಲ್ಲದ ಮನುಷ್ಯ ಅವತ್ತು ಬಂಡೆಯ ಹಾಗೆ ನಿಂತ. ಅತ್ತೆಗೇ ಒಂಥರಾ ಆಯಿತು. ಚಾಚಿದ ಕೈಯನ್ನು ಸೀರೆಗೆ ಒರೆಸಿಕೊಂಡಳು. ನಾನು ಬಾಗಿಲ ಕಡೆ ನೋಡಿದಾಗ ಅಲ್ಲಿ ಚೊಂಬು ಮಾತ್ರ ಇತ್ತು. ಅವ್ವ ಒಳಗೆ ಹೋಗಿದ್ದಳು.

ಮೂರನೇ ದಿನ ಬೆಳಿಗ್ಗೆ ಅಪ್ಪ ತೌಡಿಯ ಹಗ್ಗ ಬಿಚ್ಚಿದ. ತೌಡಿ ಅವನ ಹಿಂದೆ ಹೋಗಲಿಲ್ಲ. ನಾನಿಲ್ಲದೆ ಅವಳು ಹೊಸಿಲು ದಾಟಿದವಳಲ್ಲ. ಕೊನೆಗೆ ನಾನೇ ಮುಂದೆ ಮುಂದೆ ನಡೆದು ಕೆರೆ ಏರಿಯ ತುದಿಯವರೆಗೆ ಕರೆದುಕೊಂಡು ಹೋಗಿ, ಅಲ್ಲಿ ತಪ್ಪಿಸಿಕೊಂಡು ಲಂಟಾನದ ಪೊದೆಯ ಹಿಂದೆ ಕೂತೆ. ಅಪ್ಪ ಹುಯ್ ಹುಯ್ ಅನ್ನುವುದು ಬಹಳ ಹೊತ್ತು ಕೇಳಿಸಿತು. ಮನೆಗೆ ಬಂದರೆ ಅವ್ವ ಸೆರಗು ಸಿಕ್ಕಿಸಿಕೊಂಡು ಬ್ಯಾರನ್ನಿಗೆ ಹೊರಟಿದ್ದಳು. "ಮುದ್ದೆ ಮಡಕೇಲದೆ. ಉಣ್ಣು ಮಗ. ಗಾಡಿ ಬಂದ್ಬುಟ್ಟದೆ" ಅಂದಳು. ಅಷ್ಟೆ ಅಂದದ್ದು.

ತೌಡಿ ಅತ್ತೆಯ ಮನೆಯಲ್ಲಿ ಈದಳು, ಹೆಣ್ಣುಗರು. ಸುದ್ದಿ ಬಂದಾಗ ಅಪ್ಪ, "ನೋಡ್ದಾ? ಅಲ್ಲಾಗಿದ್ದಕ್ಕೆ ಉಳೀತು" ಅಂದ. ಯುಗಾದಿ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಒಣ ಮೇವಿನಲ್ಲಿ ಬೆಳೆದ ಎಮ್ಮೆ, ನಾಲೆಯ ದಂಡೆಯಲ್ಲಿ ಹಸಿ ಸೊಪ್ಪು ಮಿತಿಮೀರಿ ಮೇಯ್ದು, ಹೊಟ್ಟೆ ಉಬ್ಬರಿಸಿ ಸತ್ತುಹೋಯಿತು.

ನಾನು ಅತ್ತುಬಿಟ್ಟೆ. ತುಂಬಾ ಹೊತ್ತು ಬಿಕ್ಕಿ ಬಿಕ್ಕಿ ಅತ್ತೆ. ಆದರೆ ನಿಜ ಹೇಳಬೇಕೆಂದರೆ ಅಳುವಿನ ನಡುವೆ ನನಗೊಂದು ಆಸೆ ಇತ್ತು. ಈಗಲಾದರೂ ಅಪ್ಪನಿಗೆ ಬುದ್ಧಿ ಬರುತ್ತದೆ. ಅಕ್ಕನ ಕೈಯಲ್ಲೂ ಎಮ್ಮೆ ಸತ್ತಿತಲ್ಲ, ಕೈಗುಣ ಅನ್ನುವುದು ಸುಳ್ಳು ಅಂತ ಗೊತ್ತಾಗುತ್ತದೆ.

ಅಪ್ಪ ಈಬೂತಿ ಗಟ್ಟಿ ತೇಯ್ದು ಹಣೆಗೆ ಮೂರು ಬೆರಳು ಎಳೆದುಕೊಂಡ. ಆಮೇಲೆ ಅಂದ: "ಎಷ್ಟಾದ್ರೂ ನಮ್ಮನೇದು ಅಂತ ಗೊತ್ತಾಗೋಗದೆ ಕಣವ್ವ ಅದಕ್ಕೆ."

"ಯಾವ್ದಕ್ಕೆ? ಯಾವ್ದಕ್ಕೆ ಗೊತ್ತಾಗೋಯ್ತು?" ಅಂತ ಕಿರುಚಿದೆ. ಅಪ್ಪ ಮಾಡಿನ ಕಡೆ ಬೆರಳು ತೋರಿಸಿದ. ಮಾಡಿನಲ್ಲಿ ಆ ಮೂರು ಛತ್ರಿ ನೇತಾಡುತ್ತಿದ್ದವು.

ಅತ್ತ ಗೌರತ್ತೆ ಏನಂದಳು ಅಂತಲೂ ಕೇಳಿ. "ನನ್ ತಲೆಗೆ ಬರೋದು ಎಮ್ಮೆ ತಲೆಗೆ ಓಯ್ತು. ಕೈಗುಣ ಅಂದ್ರೆ ಇದು!" ಅಂದಳಂತೆ. ತೌಡಿಯ ಕರುವನ್ನು ಮುಚ್ಚಟೆಯಿಂದ ಸಾಕಿದಳು. ನನ್ನ ಮದುವೆಯ ಹೊತ್ತಿಗೆ ಆ ಕರುವಿನ ಸಂತಾನವೇ ಅವಳ ಕೊಟ್ಟಿಗೆಯಲ್ಲಿ ಐದು ಇದ್ದವು. ಸತ್ತದ್ದು ಒಂದೇ ಎಮ್ಮೆ. ಅದರಿಂದ ಒಬ್ಬರು ಕೈಚೆಲ್ಲಿ ಕೂತರು, ಇನ್ನೊಬ್ಬರು ಐದು ಮಾಡಿಕೊಂಡರು. ಎಮ್ಮೆ ಇಬ್ಬರಿಗೂ ಏನೂ ಹೇಳಿರಲಿಲ್ಲ. ಹೇಳಿಕೊಂಡದ್ದೆಲ್ಲ ಅವರವರೇ.

ಹಾಗಂತ ಅತ್ತೆಯ ಹಾಗೆ ಬಡಾಯಿ ಕೊಚ್ಚಿಕೊಂಡರೆ ದುಡ್ಡು ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ನಾನು ಬೆಣ್ಣೆ ಕೊಂಡು ಮಾರುವುದರಿಂದ ಶುರುಮಾಡಿ ಹುಣಸೂರು ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವಳು. ಇಷ್ಟು ವರ್ಷ ಗಲ್ಲಾದಲ್ಲಿ ಕೂತು ಜನರ ಬಾಯಿ ನೋಡಿದ್ದೇನೆ. ಒಬ್ಬ ಒಳಗೆ ಬರುವಾಗಲೇ "ನಮ್ಮಂಥೋರಿಗೆಲ್ಲಿ" ಅನ್ನುತ್ತಾನೆ. ಅವನು ಯಾವತ್ತೂ ತೆಳ್ಳನೆಯ ಕೊಡ ಕೊಂಡು ವರ್ಷಕ್ಕೊಮ್ಮೆ ಬೆಸುಗೆ ಹಾಕಿಸುತ್ತಾನೆ. ಇನ್ನೊಬ್ಬ "ಬಂದದ್ದು ಬರಲಿ" ಅನ್ನುತ್ತಾನೆ. ಅವನಿಗೆ ಸಾಲ ಕೊಡಬಾರದು. ನಿಮಗೆ ನನ್ನ ಒಂದು ಮಾತು. ಆಗಿಬರುವುದಿಲ್ಲ ಅಂತ ನಾಲಿಗೆಯ ತುದಿಗೆ ಬಂದಾಗ ಒಂದು ಗಳಿಗೆ ತಡೆದು, ಯಾವಾಗ ಆಗಿಬರಲಿಲ್ಲ, ಯಾಕೆ ಬರಲಿಲ್ಲ ಅಂತ ನಿಮ್ಮನ್ನೇ ಕೇಳಿ. ಹತ್ತರಲ್ಲಿ ಎಂಟು ಸಲ ಉತ್ತರ ಜಂತುಹುಳವೇ ಆಗಿರುತ್ತದೆ.

ಅಂಗಡಿ ಒಂದು ದಾರಿಗೆ ಬಂದ ಮೇಲೆ ಅಪ್ಪನನ್ನೂ ಅವ್ವನನ್ನೂ ನನ್ನ ಹತ್ತಿರವೇ ಕರೆಸಿಕೊಂಡೆ. ಆ ಹೊತ್ತಿಗೆ ಅವ್ವ ಇನ್ನೂ ಎಷ್ಟೋ ವರ್ಷ ಸೊಪ್ಪು ಕಟ್ಟಿಯಾಗಿತ್ತು. ಒಂದು ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಅಡಿಕೆ ಕುಟ್ಟುತ್ತಿದ್ದ. ನನಗೆ ಅದ್ಯಾಕೋ ತೌಡಿ ನೆನಪಾಗಿ ಹಳೆಯ ಸಿಟ್ಟು ಬಂತು. "ಅವತ್ತು ಅತ್ತೆ ಒಪ್ಪಿದ್ದಳು. ಯಾಕಪ್ಪ ಕೆಡಿಸಿದೆ?" ಅಂತ ಕೇಳಿಯೇಬಿಟ್ಟೆ.

ಅಪ್ಪ ಕುಟ್ಟುವುದನ್ನು ನಿಲ್ಲಿಸಿದ. ಕೈಯಲ್ಲಿ ನಿಲ್ಲುವುದಿಲ್ಲ ಅಂತ ಶುರುಮಾಡುತ್ತಾನೆ ಅಂದುಕೊಂಡಿದ್ದೆ. ಅನ್ನಲಿಲ್ಲ. "ಎರಡ್ನೇ ಕರು ಓದಾಗ ನಿಮ್ಮವ್ವ ಮೂರ್ ದಿನ ಉಣ್ನಿಲ್ಲ. ಇನ್ನೊಂದ್ ಸಲ ಅದ ನೋಡಕ್ಕಾಗಾಕಿಲ್ಲ ಅನ್ನುಸ್ತು ಕಣವ್ವ. ಕೊಟ್ಟು ಕಳುಸುದ್ರೆ ಸಾಯೋದ ನೋಡೋದು ತಪ್ತದಲ್ಲ" ಅಂದ.

ಈ ಮಾತು ನಾನು ಯಾವತ್ತೂ ಕೇಳಿರಲಿಲ್ಲ, ಇಷ್ಟು ವರ್ಷ ಬೈದುಕೊಂಡೇ ಬಂದಿದ್ದೆ. ಆದರೂ ಬಿಡಲಿಲ್ಲ. "ಅವ್ವಂಗೋಸ್ಕರ ಅನ್ನೋದಾದ್ರೆ ಎಮ್ಮೆ ಇಟ್ಟುಕೊಳ್ಳಬೇಕಿತ್ತು. ಅವಳು ಬ್ಯಾರನ್ ಬಿಡ್ತಿದ್ದಳು" ಅಂದೆ.

ಅವ್ವ ಪಡಸಾಲೆಯಲ್ಲಿ ಅವರೆಕಾಳು ಹಿತುಕುತ್ತಿದ್ದಳು. ತಲೆ ಎತ್ತದೆ ಅಂದಳು: "ನಂಗೋಸ್ಕರ ಅಂತ ಇಬ್ರೂ ಜಗಳಾಡ್ತೀರ. ನನ್ನ ಯಾರ್ ಕೇಳುದ್ರಿ?"

"ಕೇಳಿದ್ರೆ ಏನ್ ಏಳ್ತಿದ್ದೆ?" ಅಂದ ಅಪ್ಪ.

"ಮಾರ್ಬುಡಿ ಅಂತಿದ್ದೆ. ಆಲು ಮಾರೋ ಆಸೆ ಮೊದಲ್ನೇದು, ಆಮೇಲೆ ಯೋಚ್ನೆ ಬದಲಾಯ್ತು. ಎಮ್ಮೆ ಜೀವ, ಇವತ್ತಿದ್ದು ನಾಳೆ ಇಲ್ಲ. ಈದು ತಿಂಗಳೊಳಗೆ, ಆಲು ಕರ್ದು ತೋರ್ಸಿ, ಕರು ಜೊತೇಲಿ ಮಾರುದ್ರೆ ಬಲೇ ಬೆಲೆ. ನಿಮ್ಮಕ್ಕಂಗೆ ಅರ್ಧ ಕೊಟ್ಟು ಕೈ ತೊಳ್ಕಂಡು, ಮಿಕ್ಕಿದ್ರಲ್ಲಿ ಬ್ಯಾರನ್ ದಾರೀಲಿ ಒಂದ್ ಗುಡ್ಲು ಆಕ್ತಿದ್ದೆ. ಬೆಲ್ಲದ ಪಾನಕ, ಮಜ್ಜಿಗೆ. ಸೊಪ್ಪು ಕಟ್ಟಿ ಬಾಯೆಲ್ಲ ಕಹಿ ಮಾಡ್ಕಂಡು ಅಷ್ಟ್ ಜನ ಬರ್ತಿದ್ರಲ್ಲ, ಒಂದು ಲೋಟ ಸೀ ನೀರಿಗೆ ಒಂದ್ ಕಾಸು ಕೊಡಾಕಿಲ್ವ? ನಾನೇ ಕೊಡ್ತಿದ್ದೆ."

ನಾನು ಅವಳ ಮುಖವನ್ನೇ ನೋಡಿದೆ. ಅವ್ವ ಕಾಳು ಹಿತುಕುತ್ತಲೇ ಇದ್ದಳು. ಗುಡಿಸಲು ಎಲ್ಲಿ ಹಾಕಬೇಕು ಅಂತಲೂ ಅವಳು ಗೊತ್ತು ಮಾಡಿಕೊಂಡಿದ್ದಳು. ಹೊಂಗೆ ಮರದ ಕೆಳಗೆ, ಯಾಕೆಂದರೆ ಅಲ್ಲಿ ಹೆಂಗಸರು ಕೂತು ಕಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದರು. ಸೊಪ್ಪು ಕಟ್ಟುವಾಗ ಕೈಗೆ ಮಾತ್ರ ಕೆಲಸ, ಅಷ್ಟು ವರ್ಷ ಅವಳ ತಲೆ ಆ ಗುಡಿಸಲಲ್ಲಿ ವ್ಯಾಪಾರ ಮಾಡುತ್ತಿತ್ತು.

"ಅವತ್ತೇ ಯಾಕವ್ವ ಹೇಳಲಿಲ್ಲ?"

"ನಂಗೇನ್ ತಿಳೀತದೆ ವ್ಯವಾರ ಅಂತ ಸುಮ್ಕಾದೆ" ಅಂದಳು. ಬಹಳ ಸಹಜವಾಗಿ ಅಂದಳು, ಬಾಗಿಲು ಮುಚ್ಚಿ ಬಂದೆ ಅನ್ನುವ ಹಾಗೆ.

ನಮ್ಮ ಮನೆಯಲ್ಲಿ ಆಗಿಬರಲ್ಲ ಅಂತ ಜೋರಾಗಿ ಹೇಳುತ್ತಿದ್ದವನು ಒಬ್ಬ. ಅವನ ಜೊತೆ ಜಗಳವಾಡುವುದರಲ್ಲೇ ನಾನು ಮುಳುಗಿಹೋಗಿದ್ದೆ. ಮೆಲ್ಲಗೆ ಹೇಳಿಕೊಂಡವಳ ಮಾತು ಕಿವಿಗೇ ಬೀಳಲಿಲ್ಲ.

ಈಗ ಇಬ್ಬರೂ ಇಲ್ಲ. ಅತ್ತೆಯೂ ಇಲ್ಲ. ಊರಿನ ಕೆರೆಯಲ್ಲಿ ಎಮ್ಮೆ ಮೈ ತೊಳೆಯುವವರು ಕಾಣುವುದಿಲ್ಲ, ಮನೆಮನೆಗೆ ಪ್ಯಾಕೆಟ್ ಹಾಲು. ಮಕ್ಕಳನ್ನು ತೌಡಿಗೆ ಮಾರುವವರೂ ಇಲ್ಲ, ಅದು ಹೋದದ್ದು ಒಳ್ಳೆಯದೇ ಆಯಿತು. ಬ್ಯಾರನ್ನಿನ ದಾರಿ ಈಗ ದೊಡ್ಡ ರಸ್ತೆ. ಹೊಂಗೆ ಮರ ಕಡಿದು ಅಲ್ಲಿ ಸಾಲಾಗಿ ಅಂಗಡಿ ಎದ್ದಿವೆ. ಜ್ಯೂಸು, ಸೋಡ, ಎಳನೀರು, ಹೋಗುವ ಬರುವ ವಾಹನವೆಲ್ಲ ಅಲ್ಲೇ ನಿಲ್ಲುತ್ತದೆ. ಎಷ್ಟು ಬಾಡಿಗೆ, ದಿನಕ್ಕೆ ಎಷ್ಟು ವ್ಯಾಪಾರ ಅಂತ ಕೇಳಿ ತಿಳಿದುಕೊಂಡಿದ್ದೇನೆ. ಅವ್ವನ ಲೆಕ್ಕ ಒಂದು ಕಾಸೂ ತಪ್ಪಿರಲಿಲ್ಲ.

ಎಮ್ಮೆ ಹೋದದ್ದಕ್ಕೆ ನನಗೆ ಈಗ ಸಂಕಟವಿಲ್ಲ. ಗೌರತ್ತೆಯ ಕೈಗೆ ಕೈ ಎತ್ತಿದೆನಲ್ಲ, ಆ ಗಳಿಗೆಯಲ್ಲಿ, ಗೆದ್ದೆ ಅಂತ ಉಬ್ಬಿ ನಿಂತ ಆ ಗಳಿಗೆಯಲ್ಲಿ, ಬಾಗಿಲ ಕಡೆ ತಿರುಗಿ "ನೀನೇನಂತೀಯವ್ವ?" ಅಂತ ಒಂದು ಮಾತು ಕೇಳಬಹುದಿತ್ತು. ಅಷ್ಟು ದೊಡ್ಡ ವ್ಯಾಪಾರವನ್ನು ನಾನು ಆಮೇಲೆ ಯಾವತ್ತೂ ಕಳೆದುಕೊಂಡಿಲ್ಲ.